ಚಿಕ್ಕಮ್ಮ ಉತ್ತರಿಸದ ನಾಲ್ಕು ದಿನ

ಶುಕ್ರವಾರ ಬೆಳಿಗ್ಗೆ ಎಂಟೂ ಹತ್ತಕ್ಕೆ ನಾನು ಚಿಕ್ಕಮ್ಮನಿಗೆ ಒಂಬತ್ತನೆಯ ಮೆಸೇಜು ಕಳಿಸಿದೆ. ‘ಹಲ್ಲು ಹೇಗಿದೆ? ಎಲ್ಲಾದರೂ ಒತ್ತುತ್ತಿದ್ದರೆ ಹೇಳು.’ ಕಳಿಸಿದ ಮೇಲೆ, ಒತ್ತದಿದ್ದರೆ ಹೇಳಬೇಕಾಗಿಲ್ಲ ಎಂದು ಅವಳು ತಿಳಿದುಕೊಂಡರೆ ಏನು ಗತಿ ಅನ್ನಿಸಿ, ‘ಒತ್ತದಿದ್ದರೂ ಹೇಳು’ ಎಂದು ಹತ್ತನೆಯದನ್ನೂ ಕಳಿಸಿದೆ. ಎರಡಕ್ಕೂ ಎರಡೆರಡು ಟಿಕ್ ಬಿದ್ದವು. ಬಸ್ಸಿಳಿದು ಲ್ಯಾಬಿನ ಮೆಟ್ಟಿಲು ಹತ್ತುವಷ್ಟರಲ್ಲಿ ನಾಲ್ಕೂ ನೀಲಿಯಾಗಿದ್ದವು. ಉತ್ತರ ಮಾತ್ರ ಬರಲಿಲ್ಲ.

ನಾನು ಹಲ್ಲು ಕಟ್ಟುವವಳು. ಡಾಕ್ಟರಲ್ಲ. ಡಾಕ್ಟರು ಬಾಯಿ ನೋಡಿ, ಅಳತೆ ತೆಗೆದು ಕಳಿಸುತ್ತಾರೆ. ನಾವು ಲ್ಯಾಬಿನಲ್ಲಿ ಕೂತು ಆ ಅಳತೆಗೆ ಸರಿಯಾಗಿ ಹಲ್ಲಿನ ಸೆಟ್ ಮಾಡಿಕೊಡುತ್ತೇವೆ. ಹಗಲು ಔಷಧದಂಗಡಿಯಲ್ಲಿ ಕೆಲಸ ಮಾಡುತ್ತಾ ಸಂಜೆ ಕಾಲೇಜಿನಲ್ಲಿ ಮೂರು ವರ್ಷ ಕಲಿತ ವಿದ್ಯೆ ಇದು. ಸಂಜೆ ಹೊತ್ತು ಮೇಷ್ಟ್ರಿಗೂ ಸುಸ್ತು, ನಮಗೂ ಸುಸ್ತು. ನಾನು ತೂಕಡಿಸಿದ ಯಾವುದೋ ಒಂದು ಸಂಜೆ ಬಹಳ ಮುಖ್ಯವಾದ ಪಾಠವೊಂದು ನಡೆದುಹೋಗಿರಬೇಕು, ಅದು ಗೊತ್ತಿಲ್ಲದೆಯೇ ನಾನು ಇಷ್ಟು ವರ್ಷ ಕೆಲಸ ಮಾಡುತ್ತಿದ್ದೇನೆ ಎಂಬ ಅನುಮಾನ ಹನ್ನೆರಡು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ.

ನಾವು ಮಾಡಿದ ಹಲ್ಲು ಯಾರ ಬಾಯಿಗೆ ಹೋಯಿತು ಎಂಬುದು ನಮಗೆ ಗೊತ್ತಿರುವುದಿಲ್ಲ. ಸರಿ ಹೋಗದಿದ್ದರೆ ಸೆಟ್ ವಾಪಸ್ ಬರುತ್ತದೆ, ಜೊತೆಗೆ ಡಾಕ್ಟರ ಬೈಗುಳವೂ ಬರುತ್ತದೆ. ಸರಿ ಹೋದರೆ ಏನೂ ಬರುವುದಿಲ್ಲ. ಹಾಗಾಗಿ ಲ್ಯಾಬಿನ ಫೋನು ಸುಮ್ಮನಿದ್ದಷ್ಟೂ ನಮಗೆ ನೆಮ್ಮದಿ. ಗೋಡೆಯ ಮೇಲೆ ಯಜಮಾನರು ಕೆಂಪು ಮಾರ್ಕರಿನಲ್ಲಿ ಬರೆದು ಅಂಟಿಸಿದ ಹಾಳೆಯೊಂದಿದೆ: ‘ಕೆಲಸ ಮುಗಿಸುವ ಮೊದಲು ಡಾಕ್ಟರಿಗೆ ಫೋಟೋ ಕಳಿಸಿ. ಹತ್ತು ನಿಮಿಷ ಕಾಯಿರಿ. ಉತ್ತರ ಬರದಿದ್ದರೆ ಮುಂದುವರಿಯಿರಿ.’ ಡಾಕ್ಟರುಗಳಿಗೆ ಪ್ರತಿಯೊಂದು ಫೋಟೋಗೂ ಉತ್ತರ ಕೊಡುವಷ್ಟು ಪುರುಸೊತ್ತು ಇರುವುದಿಲ್ಲವಲ್ಲ. ಒಪ್ಪಿಗೆಯಿದ್ದರೆ ಸುಮ್ಮನಿರುತ್ತಾರೆ. ಈ ಹಾಳೆಯನ್ನು ನಂಬಿಕೊಂಡೇ ನಾನು ಎಷ್ಟೋ ಬಾಯಿಗಳನ್ನು ತುಂಬಿಸಿದ್ದೇನೆ.

ಆದರೆ ಚಿಕ್ಕಮ್ಮ ಸುಮ್ಮನಿರುವವಳಲ್ಲ. ಅಮ್ಮನ ತಂಗಿ ಅವಳು. ಅಮ್ಮ ಹೋದಾಗ ನನಗೆ ಆರು ವರ್ಷ. ಅಂದಿನಿಂದ ನನ್ನನ್ನು ಬೆಳೆಸಿದವಳು. ಕೇಂದ್ರ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷದಿಂದ ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಎಂದು ಹೇಳುವ ಕೆಲಸ. ಇಡೀ ದಿನ ಮೈಕಿನಲ್ಲಿ ಮಾತಾಡಿ ಮನೆಗೆ ಬಂದ ಮೇಲೂ ಅವಳ ಮಾತು ಮುಗಿದಿರುವುದಿಲ್ಲ. ಫೋನಿನಲ್ಲಿ ಟೈಪ್ ಮಾಡುವುದು ಅವಳಿಗೆ ಆಗದು. “ಅಕ್ಷರ ಅಲ್ಲ ಅವು, ಇರುವೆ. ಒಂದನ್ನ ಒತ್ತೋಕೆ ಹೋದ್ರೆ ಇನ್ನೊಂದು ಸಾಯುತ್ತೆ” ಅನ್ನುತ್ತಾಳೆ. ಅದಕ್ಕೇ ಅವಳು ಕಳಿಸುವುದೆಲ್ಲ ವಾಯ್ಸ್ ಮೆಸೇಜು. ಬೆಳಿಗ್ಗೆ ಒಂದು, ಮಧ್ಯಾಹ್ನ ಎರಡು, ಸಂಜೆ ಲೆಕ್ಕವಿಲ್ಲ. “ಏ ಗಾಬರಿ, ಕೇಳು” ಎಂದೇ ಶುರು. ಗಾಬರಿ ಎಂದರೆ ನಾನು. ನನಗೆ ಆರು ವರ್ಷವಿದ್ದಾಗ ಅವಳು ಇಟ್ಟ ಹೆಸರು, ನನ್ನ ನಲವತ್ತರಲ್ಲೂ ಸರಿಯಾಗಿಯೇ ಹೊಂದುತ್ತದೆ.

ಅವಳ ಹಳೆಯ ಹಲ್ಲಿನ ಸೆಟ್ಟಿಗೆ ಹದಿನೈದು ವರ್ಷವಾಗಿತ್ತು. ವಸಡು ಸವೆದು ಸೆಟ್ ಸಡಿಲವಾಗಿ, ಮಾತಾಡುವಾಗ ಟಕ್ ಟಕ್ ಎನ್ನುತ್ತಿತ್ತು. ದಿನದ ಕೆಲಸಕ್ಕೆ ಅದು ನಡೆಯುತ್ತಿತ್ತು. ಆದರೆ ಬರುವ ತಿಂಗಳು ಚಿಕ್ಕಮ್ಮ ನಿವೃತ್ತಿಯಾಗುತ್ತಾಳೆ. ಅವಳ ಜಾಗಕ್ಕೆ ಬೇರೆಯವರನ್ನು ಹಾಕುವುದಿಲ್ಲವಂತೆ, ಮೆಷಿನ್ ಹಾಕುತ್ತಾರಂತೆ. ಆ ಮೆಷಿನ್ನಿಗೆ ಬೇಕಾದ ಮಾತುಗಳನ್ನೆಲ್ಲ, ಬಸ್ಸಿನ ನಂಬರುಗಳನ್ನೆಲ್ಲ ಅವಳ ಧ್ವನಿಯಲ್ಲೇ ರೆಕಾರ್ಡ್ ಮಾಡಿಕೊಳ್ಳುವುದು ಎಂದು ತೀರ್ಮಾನವಾಗಿತ್ತು. ಶನಿವಾರ ಹತ್ತು ಗಂಟೆಗೆ ರೆಕಾರ್ಡಿಂಗ್.

“ನಾನು ಮನೇಲಿ ಮಲಗಿದ್ರೂ ನನ್ನ ಬಾಯಿ ಡ್ಯೂಟಿ ಮಾಡ್ತಿರುತ್ತೆ ನೋಡು” ಎಂದು ಕುಣಿದಾಡಿದ್ದಳು. “ಆದ್ರೆ ಈ ಟಕ್ ಟಕ್ ಮಾತ್ರ ಬೇಡಪ್ಪ. ನಾನು ಸತ್ತ ಮೇಲೂ ಜನ ಇದನ್ನೇ ಕೇಳ್ಬೇಕಾಗುತ್ತೆ.”

ಅದಕ್ಕಾಗಿಯೇ ಹೊಸ ಹಲ್ಲು. ಡಾಕ್ಟರು ಅಳತೆ ತೆಗೆದರು, ಕೆಲಸ ನಮ್ಮ ಲ್ಯಾಬಿಗೇ ಬಂತು, ನಾನೇ ಕೇಳಿ ತೆಗೆದುಕೊಂಡೆ. ಸೋಮವಾರ ಅವಳ ಬಾಯಿಗೆ ಹಾಕಿ ಕಳಿಸಿದರು. ಸೋಮವಾರ ಸಂಜೆಯಿಂದ ಚಿಕ್ಕಮ್ಮನ ಒಂದು ದನಿಯೂ ಇಲ್ಲ.

ನಾಳೆಯೇ ಶನಿವಾರ.

“ಓದಿದಾರೆ ಅಂದ್ರೆ ಬದುಕಿದಾರೆ. ಮೊದಲ್ನೇ ಸಮಾಧಾನ ಅದು” ಅಂದ ಪಾಲಿಶ್ ಅಣ್ಣ. ನನ್ನ ಪಕ್ಕದ ಮೇಜಿನಲ್ಲಿ ಹಲ್ಲಿನ ಸೆಟ್ಟುಗಳಿಗೆ ಹೊಳಪು ಕೊಡುವವನು. ಮೋಟಾರಿನ ಸದ್ದಿನ ಮೇಲೆ ಕೂಗಿ ಕೂಗಿ ಅವನ ಮೆಲುದನಿಯೂ ಕೂಗಿನಂತೆಯೇ ಇರುತ್ತದೆ.

“ಸಿಟ್ಟು ಬಂದಿದ್ರೆ?”

“ಸಿಟ್ಟು ಬಂದ್ರೆ ಬೈಯಲ್ವಾ? ನಿಮ್ ಚಿಕ್ಕಮ್ಮ ಬೈಯೋದನ್ನ ನಾನೇ ಕೇಳಿದೀನಿ. ಸ್ಪೀಕರ್ ಹಾಕೋದೇ ಬೇಡ.”

“ಮತ್ತೆ ಬುಧವಾರ ಆ ಹೆಬ್ಬೆರಳು ಯಾಕೆ ಕಳಿಸಿದ್ಳು?”

ಅದು ನನ್ನನ್ನು ಎರಡು ದಿನದಿಂದ ತಿನ್ನುತ್ತಿತ್ತು. ಬುಧವಾರ ನಾನು ಎರಡು ಸಲ ಫೋನು ಮಾಡಿದ್ದೆ, ಎತ್ತಲಿಲ್ಲ. ಸಂಜೆ ಒಂದು ಹಳದಿ ಹೆಬ್ಬೆರಳಿನ ಚಿತ್ರ ಬಂತು, ಅಷ್ಟೇ. ಚಿಕ್ಕಮ್ಮ ಜೀವಮಾನದಲ್ಲಿ ಯಾರಿಗೂ ಹೆಬ್ಬೆರಳು ಕಳಿಸಿದವಳಲ್ಲ. ಹಲ್ಲು ಚೆನ್ನಾಗಿದೆ ಎಂದೇ? ಫೋನು ಮಾಡಬೇಡ ಎಂದೇ? ಇಲ್ಲ, ಇರುವೆಗಳ ನಡುವೆ ಬೆರಳು ಜಾರಿ ಬಂದದ್ದೇ? ಅದನ್ನು ದೊಡ್ಡದು ಮಾಡಿ ನೋಡಿದೆ, ಚಿಕ್ಕದು ಮಾಡಿ ನೋಡಿದೆ. ಗಂಡನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, “ಹೆಬ್ಬೆರಳು” ಎಂದು ವಾಪಸ್ ಕೊಟ್ಟರು.

“ನಮ್ಮ ಮಾವನೋರಿಗೆ ಹೊಸ ಹಲ್ಲು ಕಟ್ಟಿಸಿದಾಗ ಮೂರು ವಾರ ಮಾತೇ ಆಡ್ಲಿಲ್ಲ” ಎಂದ ಪಾಲಿಶ್ ಅಣ್ಣ, ಒಂದು ಸೆಟ್ಟನ್ನು ಬೆಳಕಿಗೆ ಹಿಡಿದು ನೋಡುತ್ತಾ. “ನಾಲ್ಕನೇ ವಾರ ಶುರು ಮಾಡಿದ್ರು. ನಮ್ಮತ್ತೆ ಬಂದು, ಇದು ಬೇಡ, ಇನ್ನೊಂದು ಹೊಸದು ಕಟ್ಟಿಸಿ ಅಂದ್ರು.”

ನಗು ಬಂತು, ಬಂದ ಹಾಗೆಯೇ ಹೋಯಿತು. ಫೋನನ್ನು ಮೇಣದ ಡ್ರಾಯರಿನಲ್ಲಿಟ್ಟೆ, ನೋಡಬಾರದೆಂದು. ಎರಡು ನಿಮಿಷಕ್ಕೆ ಮೇಣ ಬೇಕಾಯಿತು.

ಹನ್ನೊಂದರ ಸುಮಾರಿಗೆ ಹಾಗೆ ಡ್ರಾಯರ್ ತೆಗೆದಾಗ ಚಿಕ್ಕಮ್ಮನ ಹೆಸರಿನ ಕೆಳಗೆ ಹಸಿರು ಅಕ್ಷರ ಮೂಡಿತ್ತು: ಆಡಿಯೋ ರೆಕಾರ್ಡ್ ಆಗುತ್ತಿದೆ. ಕೈಯಲ್ಲಿದ್ದ ಬಿಸಿ ಚಾಕುವನ್ನು ಹಾಗೇ ಹಿಡಿದು ನಿಂತೆ. ಒಂದು, ಎರಡು, ಮೂರು, ಏಳರವರೆಗೆ ಎಣಿಸಿದೆ. ಅಕ್ಷರ ಮಾಯವಾಯಿತು. ಏನೂ ಬರಲಿಲ್ಲ. ಮತ್ತೆ ಮೂಡಿತು, ಈ ಸಲ ಐದು. ಮತ್ತೆ ಮಾಯ. ಮೂರನೆಯ ಸಲ ಒಂದು ಮೆಸೇಜು ಬಂದೇಬಿಟ್ಟಿತು, ಆರು ಸೆಕೆಂಡಿನದು. ನಾನು ಚಾಕು ಕೆಳಗಿಟ್ಟು, ಅಂಗೈ ಒರೆಸಿಕೊಂಡು, ಬೆರಳು ಮುಂದೆ ತರುವಷ್ಟರಲ್ಲಿ ಅದು ಬೂದು ಬಣ್ಣಕ್ಕೆ ತಿರುಗಿತು. ‘ಈ ಮೆಸೇಜನ್ನು ಅಳಿಸಲಾಗಿದೆ.’

“ಅಣ್ಣಾ, ಮೋಟಾರ್ ಆಫ್ ಮಾಡಿ” ಎಂದೆ.

“ಏನಾಯ್ತು?”

“ಹೇಳೋಕೆ ಬರ್ತಾಳೆ, ಹೋಗ್ತಾಳೆ. ಹೇಳಿದ್ದನ್ನೂ ಅಳಿಸಿದ್ಳು.”

ಪಾಲಿಶ್ ಅಣ್ಣ ಮುಖಕ್ಕೆ ಕಟ್ಟಿದ ಬಟ್ಟೆ ಇಳಿಸಿದ. “ಹೇಳೋ ವಿಷಯ ಕೆಟ್ಟದಾಗಿದ್ರೆ ಒಂದು ಸಲ ಅಳಿಸ್ತಾರೆ” ಎಂದು ಯೋಚಿಸಿ ಹೇಳಿದ. “ಇಷ್ಟು ಸಲ ಯಾಕೆ? ಹಾಡು ಪ್ರಾಕ್ಟೀಸ್ ಮಾಡ್ತಿದಾರಾ?”

ಅವನು ತಮಾಷೆಗೆ ಅಂದದ್ದು. ನಾನು ಮಾತ್ರ ಆ ಮಾತನ್ನೇ ಹಿಡಿದುಕೊಂಡೆ. ನಾಲ್ಕು ದಿನದಿಂದ ಅವಳ ಮನಸ್ಸಿನಲ್ಲಿ ಏನಿದೆ ಎಂದೇ ತಲೆ ಕೆಡಿಸಿಕೊಂಡಿದ್ದೆ, ಬಾಯಲ್ಲಿ ಏನಿದೆ ಎಂದು ಯೋಚಿಸಿರಲಿಲ್ಲ. ಹಲ್ಲು ಕಟ್ಟುವವಳಾಗಿ!

ಫೋನಿನಲ್ಲಿದ್ದ ಎರಡು ಹಳೆಯ ಫೋಟೋ ತೆರೆದು ನೋಡಿದೆ. ಎರಡೂ ಚಿಕ್ಕಮ್ಮನ ಸೆಟ್ಟಿನವೇ. ಒಂದು ಮೇಣದಲ್ಲಿ ಕೂರಿಸಿ ಪರೀಕ್ಷೆಗೆ ಕಳಿಸುವಾಗ ತೆಗೆದದ್ದು, ಇನ್ನೊಂದು ಪರೀಕ್ಷೆಯಾಗಿ ಬಂದ ಮೇಲೆ, ಬೇಯಿಸುವ ಮೊದಲು ತೆಗೆದದ್ದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಮೊದಲು ಹಲ್ಲುಗಳನ್ನು ಮೇಣದಲ್ಲಿ ಕೂರಿಸಿ ಡಾಕ್ಟರಿಗೆ ಕಳಿಸುತ್ತೇವೆ. ಡಾಕ್ಟರು ಅದನ್ನು ಬಾಯಲ್ಲಿಟ್ಟು, ಕಚ್ಚಿಸಿ, ಮಾತಾಡಿಸಿ, ಸರಿ ಎಂದರೆ ಲ್ಯಾಬಿಗೆ ವಾಪಸ್ ಕಳಿಸುತ್ತಾರೆ. ಆಮೇಲೆ ಮೇಣ ಕರಗಿಸಿ, ಅದೇ ಜಾಗಕ್ಕೆ ಗುಲಾಬಿ ಬಣ್ಣದ ಅಕ್ರಿಲಿಕ್ ತುಂಬಿ ಕುದಿಯುವ ನೀರಿನಲ್ಲಿ ಬೇಯಿಸಿದರೆ ಸೆಟ್ ಗಟ್ಟಿಯಾಗುತ್ತದೆ. ಮೇಣದ ಪರೀಕ್ಷೆ ಆದ ಮೇಲೆ ಹಲ್ಲನ್ನು ಯಾರೂ ಮುಟ್ಟಕೂಡದು. ಇದು ಗೋಡೆಯ ಮೇಲೆ ಬರೆದಿಲ್ಲ. ಬರೆಯಬೇಕಾದ ಅಗತ್ಯವೇ ಇಲ್ಲದ ಮಾತು ಅದು.

ನಾನು ಮುಟ್ಟಿದ್ದೆ.

ನನ್ನ ಪರ್ಸಿನಲ್ಲಿ ಚಿಕ್ಕಮ್ಮನ ಹಳೆಯ ಫೋಟೋ ಒಂದಿದೆ. ಕೆಲಸಕ್ಕೆ ಸೇರಿದ ದಿನ ತೆಗೆಸಿದ್ದು. ನಗುವಾಗ ಮೇಲಿನ ನಾಲ್ಕು ಹಲ್ಲು ತುಸು ಮುಂದಕ್ಕೆ ಬಂದು, ತುಟಿ ತುಂಬಿ, ಈಗಷ್ಟೇ ಏನೋ ತುಂಟ ಮಾತಾಡಿ ಮುಗಿಸಿದವಳ ಹಾಗೆ ಕಾಣುತ್ತಾಳೆ. ನನ್ನನ್ನು ಸ್ನಾನ ಮಾಡಿಸಿ, ಜಡೆ ಹೆಣೆದು, ಶಾಲೆಗೆ ಬಿಟ್ಟ ಮುಖ ಅದು. ಪರೀಕ್ಷೆಯಾಗಿ ಬಂದ ಮೇಣದ ಸೆಟ್ ಮುಂದಿಟ್ಟುಕೊಂಡು ಆ ಫೋಟೋ ನೋಡಿದೆ. ಸ್ವಲ್ಪ ಮುಂದೆ ತಂದರೆ ಆ ಮುಖ ವಾಪಸ್ ಬರುತ್ತದಲ್ಲ ಅನ್ನಿಸಿತು. ಒಂದೂವರೆ ಮಿಲಿಮೀಟರ್. ಬಿಸಿ ಚಾಕು, ಹೆಬ್ಬೆರಳು, ಮುಗಿಯಿತು. ಆಮೇಲೆ ಡಾಕ್ಟರಿಗೆ ಫೋಟೋ ಕಳಿಸಿ, ‘ಮುಗಿಸಲಾ ಸರ್?’ ಎಂದು ಕೇಳಿದೆ. ಹಲ್ಲು ಸರಿಸಿದ್ದೇನೆ ಎಂದು ಬರೆಯಲಿಲ್ಲ. ಫೋಟೋದಲ್ಲೇ ಕಾಣುತ್ತದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹತ್ತು ನಿಮಿಷ ಗಡಿಯಾರ ನೋಡುತ್ತಾ ಕೂತೆ. ಉತ್ತರ ಬರಲಿಲ್ಲ. ಮುಂದುವರಿದೆ.

ಡಾಕ್ಟರ ಮೌನವನ್ನು ಒಪ್ಪಿಗೆ ಎಂದುಕೊಂಡದ್ದು ನನಗೆ ಅದು ಬೇಕಾಗಿತ್ತು ಎಂಬ ಕಾರಣಕ್ಕೆ. ಚಿಕ್ಕಮ್ಮನ ಮೌನದಲ್ಲಿ ಸಿಟ್ಟು, ಜ್ವರ, ಜಗಳ ಎಲ್ಲವನ್ನೂ ಹುಡುಕಿದ್ದು ನನಗೆ ಅದರ ಭಯವಿತ್ತು ಎಂಬ ಕಾರಣಕ್ಕೆ. ಎರಡು ಕಡೆಯೂ ಇದ್ದದ್ದು ಖಾಲಿ ಪರದೆಯೇ.

ಯಜಮಾನರ ಬಳಿ ಅರ್ಧ ದಿನ ರಜೆ ಕೇಳಿದೆ. “ಏನು, ಮೈಗೆ ಹುಷಾರಿಲ್ವಾ?” ಎಂದರು. “ನನಗಲ್ಲ, ನಾನು ಮಾಡಿದ ಸೆಟ್ಟಿಗೆ” ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ ಹೋಗು ಎಂದು ಕೈ ಬೀಸಿದರು. ಮೇಣದ ಒಂದು ಹಾಳೆಯನ್ನು ಚೀಲಕ್ಕೆ ಹಾಕಿಕೊಂಡೆ, ಯಾಕೆ ಎಂದು ಯೋಚಿಸದೆ.

ಬಸ್ ನಿಲ್ದಾಣ ತಲುಪಿದಾಗ ಎರಡೂವರೆ. ಮಧ್ಯಾಹ್ನದ ಜನ, ಗಂಟುಮೂಟೆ, ಕೂಗು, ಡೀಸೆಲ್ ಹೊಗೆ. ಒಂಬತ್ತನೆಯ ಪ್ಲಾಟ್‌ಫಾರ್ಮಿನ ಕಂಬಕ್ಕೆ ಬಿಗಿದ ಸ್ಪೀಕರಿನ ಕೆಳಗೆ ನಿಂತೆ. ಮೇಲೆ ಅವಳ ಕೋಣೆಗೆ ಹೋಗಲು ಧೈರ್ಯವಾಗಲಿಲ್ಲ. ಮೊದಲು ಧ್ವನಿ ಕೇಳೋಣ ಎಂದುಕೊಂಡೆ. ಸ್ಪೀಕರು ಬಹಳ ಹೊತ್ತು ಸುಮ್ಮನಿತ್ತು. ಅಷ್ಟರಲ್ಲಿ ನಾನು ಅವಳು ರಜೆಯಲ್ಲಿದ್ದಾಳೆ, ಆಸ್ಪತ್ರೆಯಲ್ಲಿದ್ದಾಳೆ, ಮೆಷಿನ್ನಿಗೆ ಬೇರೆ ಯಾರನ್ನೋ ಕರೆಸಿದ್ದಾರೆ ಎಂದೆಲ್ಲ ಕತೆ ಕಟ್ಟಿ ಮುಗಿಸಿದ್ದೆ.

ಕಿರ್ ಎಂದು ಸದ್ದಾಯಿತು. “ಪ್ರಯಾಣಿಕರು ದಯವಿಟ್ಟು ಗಮನಿಸಿ. ಇಪ್ಪತ್ತೇಳನೇ ನಂಬರಿನ ಬಸ್ಸು ನಾಲ್ಕನೇ ಪ್ಲಾಟ್‌ಫಾರ್ಮಿನಲ್ಲಿ ಹೊರಡಲು ಸಿದ್ಧವಾಗಿದೆ.”

ಅವಳೇ. ದುಂಡು ದುಂಡಾದ ಅದೇ ದನಿ. ಆದರೆ ‘ಬಸ್ಸು’ ಎನ್ನುವಲ್ಲಿ ಟಕ್ ಎಂದು ಸಣ್ಣ ಸದ್ದು. ಹಳೆಯ ಸೆಟ್. ನಾನು ಮಾಡಿದ ಹಲ್ಲನ್ನು ಅವಳು ಹಾಕಿಕೊಂಡೇ ಇಲ್ಲ. ಕಂಬಕ್ಕೆ ಒರಗಿ ಸ್ಪೀಕರನ್ನೇ ನೋಡಿದೆ. ಪಕ್ಕದಲ್ಲಿ ನಿಂತ ಯಾರೋ ಹೆಂಗಸು, “ಇಪ್ಪತ್ತೇಳು ತಪ್ಪೋಯ್ತಾ?” ಎಂದು ಕೇಳಿದಳು. ಇಲ್ಲ ಎಂದು ತಲೆಯಾಡಿಸಿ ಮೆಟ್ಟಿಲ ಕಡೆ ನಡೆದೆ.

ಚಿಕ್ಕಮ್ಮನ ಕೋಣೆ ಮೇಲಿನ ಮಹಡಿಯ ಮೂಲೆಯಲ್ಲಿದೆ, ಅರ್ಧ ಗಾಜಿನ ಬಾಗಿಲು. ಗಾಜಿನಾಚೆ ಅವಳು ನನಗೆ ಅಡ್ಡವಾಗಿ ಕೂತಿದ್ದಳು. ಮೈಕಿನ ಪಕ್ಕದಲ್ಲಿ ಮುಚ್ಚಳದ ಒಂದು ಸ್ಟೀಲ್ ಡಬ್ಬಿ. ಮೈಕಿನ ಗುಂಡಿಯನ್ನು ಎರಡು ಸಲ ಒತ್ತಿ ಅದು ಆಫ್ ಆಗಿದೆ ಎಂದು ಖಚಿತಪಡಿಸಿಕೊಂಡಳು. ಡಬ್ಬಿ ತೆರೆದಳು. ಸೆರಗು ಅಡ್ಡ ಹಿಡಿದು ಬಾಯಿಂದ ಒಂದು ಸೆಟ್ ತೆಗೆದು, ಇನ್ನೊಂದನ್ನು ಹಾಕಿಕೊಂಡಳು. ಆಮೇಲೆ ಫೋನನ್ನು ಬಾಯಿಯ ಹತ್ತಿರ ಹಿಡಿದು ಮಾತಾಡತೊಡಗಿದಳು.

ನನ್ನ ಕೈಯಲ್ಲಿ ಫೋನಿತ್ತು. ಅವಳ ಹೆಸರಿನ ಕೆಳಗೆ ಹಸಿರು ಅಕ್ಷರ ಮೂಡಿತು. ಆಡಿಯೋ ರೆಕಾರ್ಡ್ ಆಗುತ್ತಿದೆ.

ಗಾಜಿನಾಚೆ ಚಿಕ್ಕಮ್ಮನ ತುಟಿ ಆಡುತ್ತಿತ್ತು. ಈಚೆ ನನ್ನ ಅಂಗೈಯಲ್ಲಿ ಹಸಿರು ಅಕ್ಷರ ಮಿನುಗುತ್ತಿತ್ತು. ಅವಳು ನಿಲ್ಲಿಸಿದಳು, ಫೋನನ್ನು ಕಿವಿಗೆ ಹಿಡಿದು ಕೇಳಿದಳು, ಹುಳಿ ತಿಂದವಳ ಹಾಗೆ ಮುಖ ಮಾಡಿದಳು, ಬೆರಳಿನಿಂದ ಏನೋ ಒತ್ತಿದಳು. ನನ್ನ ಕೈಯಲ್ಲಿ ಅಕ್ಷರ ಮಾಯವಾಯಿತು. ಮತ್ತೆ ಫೋನು ಬಾಯಿಗೆ. ಮತ್ತೆ ಹಸಿರು. ಅವಳ ಹಣೆಯಲ್ಲಿ ಬೆವರು ಕಾಣುತ್ತಿತ್ತು. ಶಾಲೆಯಲ್ಲಿ ಪದ್ಯ ಬಾರದ ಮಗು ಒಂದೇ ಸಾಲನ್ನು ಮತ್ತೆ ಮತ್ತೆ ಹೇಳಿಕೊಳ್ಳುವ ಹಾಗೆ.

ನಾನು ಬಾಗಿಲು ತಳ್ಳಿದೆ.

ಅವಳು ಬೆಚ್ಚಿ ಬಾಯಿಗೆ ಸೆರಗು ಮುಚ್ಚಿಕೊಂಡಳು. “ನೀನ್ಯಾಕೆ ಬಂದೆ? ಕೆಲಸ ಇಲ್ವಾ?” ಸೆರಗಿನೊಳಗಿಂದ ಬಂದ ಮಾತು ಅದು. ‘ಕೆಲಸ’ ಎನ್ನುವಾಗ ಸಣ್ಣದೊಂದು ಶಿಳ್ಳೆ ಹೊರಟಿತು. ಸಣ್ಣದೇ, ಆದರೆ ಮೈಕಿಗೆ ಅದು ಸಣ್ಣದಾಗಿರುವುದಿಲ್ಲ.

“ಚಿಕ್ಕಮ್ಮ, ಸೆರಗು ತೆಗಿ. ಬಸ್ಸು ಅನ್ನು.”

“ಅನ್ನಲ್ಲ.”

“ಅನ್ನೇ.”

“ನಿಂಗೆ ಕೇಳಿಸ್ಬಾರ್ದು ಅಂತ ನಾಲ್ಕು ದಿನದಿಂದ ಬಾಯಿ ಮುಚ್ಕೊಂಡಿದೀನಿ, ಈಗ ಎದುರಿಗೇ ಬಂದು ನಿಂತು ಅನ್ನು ಅಂತೀಯಲ್ಲ!” ಎಂದು ರೇಗಿದಳು. ‘ಕೇಳಿಸ್ಬಾರ್ದು’ ಎನ್ನುವಲ್ಲಿ ಮತ್ತೆ ಶಿಳ್ಳೆ. ಅವಳಿಗೂ ಕೇಳಿಸಿತು. ಸೆರಗು ಕೆಳಗೆ ಬಿಟ್ಟಳು. “ಕೇಳಿಸ್ತಾ? ಸಮಾಧಾನ ಆಯ್ತಾ? ಬಸ್ಸು ಅಂದ್ರೆ ಟ್ರಾಫಿಕ್ ಪೊಲೀಸ್ ಬಂದ ಹಾಗಿರುತ್ತೆ.”

“ಒಂದು ಮಾತು ಹೇಳೋಕೆ ಏನಾಗಿತ್ತು? ನಾನು ಏನೆಲ್ಲ ಅಂದ್ಕೊಂಡೆ ಗೊತ್ತಾ?”

“ಗೊತ್ತು. ಹತ್ತು ಮೆಸೇಜು ನೋಡಿದೀನಲ್ಲ.” ಅವಳು ಕುರ್ಚಿಯಲ್ಲಿ ಕುಸಿದು ಕೂತಳು. “ಏನಂತ ಹೇಳ್ಲಿ? ನೀನು ಮಾಡಿದ ಹಲ್ಲು. ಚೆನ್ನಾಗಿಲ್ಲ ಅಂದ್ರೆ ನೀನು ಒಂದು ವಾರ ಊಟ ಬಿಡ್ತೀಯ. ಚೆನ್ನಾಗಿದೆ ಅಂದ್ರೆ ಹೇಳುವಾಗಲೇ ಶಿಳ್ಳೆ ಬರುತ್ತೆ. ಬರೆದು ಕಳಿಸೋಕೆ ಬರಲ್ಲ. ಕೊನೆಗೆ ಆ ಹೆಬ್ಬೆರಳು ಒತ್ತಿದೆ.”

“ಅದನ್ನ ನೋಡಿ ಎರಡು ದಿನ ನಿದ್ದೆ ಬಂದಿಲ್ಲ.”

“ನಿಂಗೆ ಯಾವಾಗ ಬಂದಿದೆ?” ಎಂದಳು. “ಡಾಕ್ಟರು ಎರಡು ದಿನದಲ್ಲಿ ನಾಲಿಗೆ ಹೊಂದ್ಕೊಳ್ಳುತ್ತೆ ಅಂದ್ರು. ನನ್ನ ನಾಲಿಗೆಗೇ ವಯಸ್ಸಾಗಿದೆ, ಅದರದೇ ತಪ್ಪು ಅಂದ್ಕೊಂಡೆ. ಪ್ರಾಕ್ಟೀಸ್ ಮಾಡಿ, ಸರಿಯಾದ ಮೇಲೆ ಒಂದು ಒಳ್ಳೇ ಮೆಸೇಜು ಕಳಿಸೋಣ ಅಂತ ಇದ್ದೆ. ಬೆಳಿಗ್ಗೆ ಒಂದು ಕೈ ತಪ್ಪಿ ಹೋಗೇಬಿಡ್ತು. ಪಕ್ಕದ ಟಿಕೆಟ್ ಕೌಂಟರ್ ಹುಡುಗಿ ಓಡಿ ಬಂದು ಅಳಿಸಿಕೊಟ್ಳು.” ಗಡಿಯಾರ ನೋಡಿ ಗಡಿಬಿಡಿಯಿಂದ ಎದ್ದಳು. “ತಾಳು, ಹದಿಮೂರು ಬಂತು.” ಗೋಡೆಗೆ ತಿರುಗಿ ಸೆಟ್ ಬದಲಿಸಿ, ಗುಂಡಿ ಒತ್ತಿ, ದುಂಡು ದನಿಯಲ್ಲಿ ಹದಿಮೂರನೇ ನಂಬರನ್ನು ಕಳಿಸಿಕೊಟ್ಟು, ಮತ್ತೆ ಹೊಸ ಸೆಟ್ ಹಾಕಿಕೊಂಡು ನನ್ನ ಕಡೆ ತಿರುಗಿದಳು.

ನಾನು ನಿಂತೇ ಇದ್ದೆ. ಪರ್ಸಿನಿಂದ ಫೋಟೋ ತೆಗೆದು ಮೈಕಿನ ಮುಂದೆ ಇಟ್ಟೆ.

“ನಾಲಿಗೆ ತಪ್ಪಲ್ಲ. ನನ್ನ ತಪ್ಪು. ಡಾಕ್ಟರು ಸರಿಯಾಗೇ ಇಟ್ಟಿದ್ರು. ಆಮೇಲೆ ನಾನು ಈ ಫೋಟೋ ನೋಡ್ಕೊಂಡು ಮುಂದಿನ ನಾಲ್ಕು ಹಲ್ಲು ಸರಿಸಿದೆ. ಯಾರಿಗೂ ಹೇಳ್ಲಿಲ್ಲ.”

ಅವಳು ಫೋಟೋ ಎತ್ತಿ ಕಣ್ಣಿನ ಹತ್ತಿರ ಹಿಡಿದಳು. ಎದುರಿಗೇ ಇದ್ದವಳ ಮೌನವೂ ನನಗೆ ಅರ್ಥವಾಗಲಿಲ್ಲ.

“ಇಪ್ಪತ್ತೊಂಬತ್ತು ವರ್ಷದವಳ ಬಾಯಿ ತಂದು ಅರವತ್ತರ ನಾಲಿಗೆಗೆ ಗಂಟು ಹಾಕಿದೀಯಲ್ಲೇ” ಎಂದಳು ಕೊನೆಗೆ. “ಪಾಪ, ಅದಾದ್ರೂ ಏನು ಮಾಡುತ್ತೆ.” ಮತ್ತೆ ತುಸು ತಡೆದು, “ಕನ್ನಡಿ ನೋಡ್ಕೊಂಡಾಗ ಅನ್ನಿಸಿತ್ತು. ಇವಳನ್ನ ಎಲ್ಲೋ ನೋಡಿದೀನಲ್ಲ ಅಂತ” ಎಂದಳು.

ನಾನು ಚೀಲದಿಂದ ಮೇಣ ತೆಗೆದೆ. ಹೊಸ ಸೆಟ್ಟಿನ ಮುಂದಿನ ಹಲ್ಲುಗಳ ಹಿಂದೆ, ಅಂಗುಳದ ಕಡೆಗೆ ತೆಳ್ಳಗೆ ಮೇಣ ಒತ್ತಿದರೆ ಗಾಳಿಯ ದಾರಿ ಬದಲಾಗುತ್ತದೆ, ಶಿಳ್ಳೆ ನಿಲ್ಲಬಹುದು. ನಾಳೆಯ ಮಟ್ಟಿಗೆ ಸಾಕಾಗಬಹುದು. ಆದರೆ ಬಾಯೊಳಗಿನ ಕೆಲಸ ಮಾಡಲು ನನಗೆ ಅಧಿಕಾರವಿಲ್ಲ. ಡಾಕ್ಟರಿಗೆ ಬರೆದೆ. ಈ ಸಲ ಎಲ್ಲವನ್ನೂ ಬರೆದೆ: ಪರೀಕ್ಷೆಯ ನಂತರ ಹಲ್ಲು ಸರಿಸಿದ್ದು, ಎಷ್ಟು, ಯಾಕೆ, ನಾಳೆಯ ರೆಕಾರ್ಡಿಂಗ್, ಈಗ ಮೇಣ ಹಚ್ಚಬಹುದೇ ಎಂದು. ಮೂರು ಸಲ ಅಳಿಸಿ ನಾಲ್ಕನೆಯ ಸಲ ಕಳಿಸಿದೆ.

ಎರಡು ಟಿಕ್. ನೀಲಿ. ಟೈಪಿಂಗ್ ಎಂದು ಬಂತು, ನಿಂತಿತು. ಮತ್ತೆ ಬರಲಿಲ್ಲ.

ಮೇಣ ನನ್ನ ಅಂಗೈ ಬಿಸಿಗೆ ಮೆತ್ತಗಾಗುತ್ತಿತ್ತು. ಚಿಕ್ಕಮ್ಮ ಮೂವತ್ತೆರಡನೇ ನಂಬರನ್ನು ಕಳಿಸಿದಳು, ಐವತ್ತು ತಡವಾಗಿ ಬರುತ್ತದೆ ಎಂದಳು. ಎಂಟು ನಿಮಿಷ. ಒಂಬತ್ತು. ಹತ್ತು.

“ಹತ್ತಾಯ್ತಲ್ಲ” ಎಂದಳು ಚಿಕ್ಕಮ್ಮ. ನಮ್ಮ ಲ್ಯಾಬಿನ ಗೋಡೆಯ ಹಾಳೆ ಅವಳಿಗೂ ಬಾಯಿಪಾಠ. ನಾನೇ ಅಷ್ಟು ಸಲ ಹೇಳಿದ್ದೆ. “ಹಚ್ಚು ಮತ್ತೆ.”

ನನ್ನ ಕೈ ಮುಂದೆ ಹೋಗಲಿಲ್ಲ. ಹೋದ ಸಲದ ಹತ್ತು ನಿಮಿಷವೂ ಹೀಗೆಯೇ ಇತ್ತು. ಗಡಿಯಾರ ಇದೇ ರೀತಿ ಓಡಿತ್ತು. ಮೇಣ ಕೆಳಗಿಟ್ಟು ಡಾಕ್ಟರಿಗೆ ಫೋನು ಮಾಡಿದೆ. ಹನ್ನೆರಡು ವರ್ಷದಲ್ಲಿ ಡಾಕ್ಟರೊಬ್ಬರಿಗೆ ನಾನಾಗಿ ಫೋನು ಮಾಡಿದ್ದು ಅದೇ ಮೊದಲು. ನಾಲ್ಕು ರಿಂಗಿಗೆ ಎತ್ತಿದರು.

“ಓದಿದೆ” ಎಂದರು. “ಪೇಷಂಟ್ ಬಾಯಲ್ಲಿ ಕೈಯಿತ್ತು. ಅದಕ್ಕೇ ಅರ್ಧಕ್ಕೆ ಬಿಟ್ಟೆ.”

“ಸರ್, ಹೋದ ವಾರದ ಫೋಟೋ…”

“ನೋಡಿದ್ದೆ. ಸರಿಯಾಗಿ ನೋಡ್ಲಿಲ್ಲ. ಪರೀಕ್ಷೆ ಆದ ಸೆಟ್ಟು, ನೀವು ಕಳಿಸಿದ್ದು. ನೀವು ಮುಟ್ಟಿರಲ್ಲ ಅಂದ್ಕೊಂಡಿದ್ದೆ.”

ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಮೇಣ ಬೇಡ, ಮಾತಿನ ಮಧ್ಯೆ ಉದುರಿದರೆ ಗಂಟಲಿಗೆ ಹೋಗುತ್ತದೆ, ಐದು ಗಂಟೆಗೆ ಇಬ್ಬರೂ ಬನ್ನಿ ಎಂದರು. ಚಿಕ್ಕಮ್ಮ ನನ್ನ ಅಂಗೈಯ ಮೇಣವನ್ನೂ ನನ್ನ ಮುಖವನ್ನೂ ನೋಡಿ, “ಒಳ್ಳೇದಾಯ್ತು ಬಿಡು, ನಾಳೆ ಮೆಷಿನ್ನಿಗೆ ಕೆಮ್ಮೂ ಸೇರ್ತಿತ್ತು” ಎಂದಳು.

ಐದು ಗಂಟೆಗೆ ಕ್ಲಿನಿಕ್ಕಿನಲ್ಲಿ ಡಾಕ್ಟರು ಅವಳಿಂದ ಸೀಸೆ, ಸೋಸು, ಸೂಜಿ ಎಂದೆಲ್ಲ ಹೇಳಿಸಿ, ಪೆನ್ಸಿಲಿನಲ್ಲಿ ಗೆರೆ ಎಳೆದು ಸೆಟ್ಟನ್ನು ನನ್ನ ಕೈಗಿಟ್ಟರು. “ಗೆರೆಗೆ” ಎಂದರು, ಅಷ್ಟೇ. ಎರಡು ಬೀದಿಯಾಚೆಯ ಲ್ಯಾಬಿಗೆ ಓಡಿದೆ. ನಾಲ್ಕು ಹಲ್ಲು ಬಿಡಿಸಿ, ಗೆರೆಗೆ ಸರಿಯಾಗಿ ಹಿಂದಕ್ಕೆ ಕೂರಿಸಿ, ಹೊಸ ಅಕ್ರಿಲಿಕ್ ಹಿಡಿಸಿದೆ. ಪಾಲಿಶ್ ಅಣ್ಣ ಮನೆಗೆ ಹೊರಟವನು ಚೀಲ ಕೆಳಗಿಟ್ಟು ಹೊಳಪು ಕೊಟ್ಟ. ಏಳಕ್ಕೆ ಅದು ಮತ್ತೆ ಚಿಕ್ಕಮ್ಮನ ಬಾಯಲ್ಲಿತ್ತು. ತುಟಿ ಸ್ವಲ್ಪ ಒಳಗೆ ಹೋಗಿತ್ತು. ಫೋಟೋದ ಮುಖ ಹೋಗಿತ್ತು. ಡಾಕ್ಟರು ಹೇಳಿಸಿದ ಮಾತುಗಳಲ್ಲಿ ಶಿಳ್ಳೆ ಕೇಳಿಸಲಿಲ್ಲ. ಆದರೆ ಮೈಕಿನ ಮುಂದೆ? ನಾಲಿಗೆ ನಾಲ್ಕು ದಿನ ತಪ್ಪು ಹಲ್ಲಿಗೆ ಪ್ರಾಕ್ಟೀಸ್ ಮಾಡಿದೆ. ಬೆಳಿಗ್ಗೆಯೊಳಗೆ ಅದು ಎಲ್ಲವನ್ನೂ ಮರೆಯಬೇಕು.

ಶನಿವಾರ ಹತ್ತಾಯಿತು, ಹನ್ನೊಂದಾಯಿತು. ಫೋನನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದೆ. ಹನ್ನೊಂದೂಮುಕ್ಕಾಲಿಗೆ ಹಸಿರು ಅಕ್ಷರ ಮೂಡಿತು. ನಾನು ಹೇಳುವ ಮೊದಲೇ ಪಾಲಿಶ್ ಅಣ್ಣ ಮೋಟಾರ್ ನಿಲ್ಲಿಸಿದ. ಐದು, ಆರು, ಏಳು. ಎಂಟು, ಒಂಬತ್ತು. ಅಕ್ಷರ ಅಲ್ಲೇ ಇತ್ತು. ಇಪ್ಪತ್ತಕ್ಕೆ ಮೆಸೇಜು ಬಿತ್ತು. ಬಿದ್ದದ್ದು ಅಲ್ಲೇ ಉಳಿಯಿತು.

“ಪ್ರಯಾಣಿಕರು ದಯವಿಟ್ಟು ಗಮನಿಸಿ” ಎಂದಳು ಚಿಕ್ಕಮ್ಮ ಲ್ಯಾಬಿನ ಮಧ್ಯದಲ್ಲಿ. “ಇಪ್ಪತ್ತೇಳನೇ ನಂಬರಿನ ಬಸ್ಸು ನಾಲ್ಕನೇ ಪ್ಲಾಟ್‌ಫಾರ್ಮಿನಲ್ಲಿ ಹೊರಡಲು ಸಿದ್ಧವಾಗಿದೆ. ಏ ಗಾಬರಿ, ಮುಗೀತು ಕಣೇ. ಐವತ್ತಾರು ಬಸ್ಸು ಒಂದೇ ಸಲಕ್ಕೆ ಓಕೆ ಆಯ್ತು.”

“ಶಿಳ್ಳೆ ಇಲ್ಲ” ಎಂದ ಪಾಲಿಶ್ ಅಣ್ಣ. “ಟಕ್ಕೂ ಇಲ್ಲ.”

ನಾನು ಮತ್ತೊಂದು ಸಲ ಹಾಕಿದೆ. ‘ಬಸ್ಸು’ ಎನ್ನುವಲ್ಲಿ ನಿಲ್ಲಿಸಿ, ಹಿಂದಕ್ಕೆ ಹೋಗಿ ಕಿವಿಗೊತ್ತಿ ಕೇಳಿದೆ. ಇಲ್ಲ. ‘ಗಮನಿಸಿ’ಯಲ್ಲಿ ಕೇಳಿದೆ. ಇಲ್ಲ. ಐದನೆಯ ಸಲವೋ ಆರನೆಯದೋ ಕೇಳುತ್ತಿದ್ದಾಗ ಫೋನು ರಿಂಗಾಯಿತು.

“ಕೇಳಿದ್ಯೋ ಇಲ್ವೋ?” ಚಿಕ್ಕಮ್ಮನ ದನಿಯಲ್ಲಿ ನಾನು ಹಿಂದೆಂದೂ ಕೇಳಿರದ ಗಾಬರಿಯಿತ್ತು. “ನೀಲಿಯಾಗಿ ಹತ್ತು ನಿಮಿಷ ಆಯ್ತು, ನಿನ್ನ ಸುದ್ದೀನೇ ಇಲ್ಲ. ಇವರೆಲ್ಲ ನನ್ನ ಖುಷಿಗೆ ಓಕೆ ಅಂದ್ರಾ? ಶಿಳ್ಳೆ ಬಂತೇನೇ? ನಿಜ ಹೇಳು.”

“ಇಲ್ಲ ಚಿಕ್ಕಮ್ಮ” ಎಂದೆ. “ಬರ್ಲಿಲ್ಲ. ಆರು ಸಲ ಕೇಳಿದೆ. ಇನ್ನೊಂದು ಸಲ ಅನ್ನು, ಬಸ್ಸು ಅಂತ.”

ಅವಳು ಅಂದಳು.